ತಾಸೆ ಪೆಟ್ಟಿನ ಲೂಪ್ ನಾವೇ ಮಾಡಿಕೊಳ್ಳುವುದು ಹೇಗೆ? ಮಾಡಿ ನೋಡಿದವರು ಹೇಳಿ

ಪ್ರಶ್ನೆ, ಉಡುಪಿಯಿಂದ

ನಮಸ್ಕಾರ. ಅಷ್ಟಮಿಗೆ ನಮ್ಮ ಹುಡುಗರ ಹುಲಿವೇಷದ ವಿಡಿಯೋಗೆ ಒಂದು ಟ್ರ್ಯಾಕ್ ಮಾಡುತ್ತಾ ಇದ್ದೇನೆ. ಸಾಫ್ಟ್‌ವೇರ್ ಜೊತೆ ಬರುವ ಡ್ರಮ್ ಲೂಪ್ (ಮತ್ತೆ ಮತ್ತೆ ತಿರುಗುವ ಸದ್ದಿನ ತುಂಡು) ಹಾಕಿದರೆ ಯಾವುದೋ ಊರಿನ ಕುಣಿತದ ಹಾಗೆ ಕೇಳುತ್ತದೆ. ಅದಕ್ಕೆ ಕಳೆದ ವರ್ಷ ಫೋನಿನಲ್ಲಿ ಹಿಡಿದಿಟ್ಟ ತಾಸೆ, ಡೋಲನ್ನೇ ಕತ್ತರಿಸಿ ಎಫ್‌ಎಲ್ ಸ್ಟುಡಿಯೋ ಅನ್ನುವ ಸಂಗೀತದ ಸಾಫ್ಟ್‌ವೇರ್‌ಗೆ ಹಾಕಿದೆ. ಪ್ರತಿ ಸುತ್ತು ಮುಗಿಯುವಾಗ ‘ಟಕ್’ ಅನ್ನುತ್ತದೆ. ಸ್ವಲ್ಪ ಹೊತ್ತು ಓಡಿದ ಮೇಲೆ ಸಿಂಥ್ (ಸಾಫ್ಟ್‌ವೇರ್‌ನ ಕೀಬೋರ್ಡ್ ಸದ್ದು) ಒಂದು ಕಡೆ, ತಾಸೆ ಒಂದು ಕಡೆ. ಸ್ವಂತ ಲೂಪ್ ಬಳಸುವವರು ಎಂತ ಮಾಡುತ್ತೀರಿ?

ಸುರತ್ಕಲ್‌ನಿಂದ

ಈ ಎರಡೂ ಕಾಟ ನನಗೂ ಆಗಿದೆ ಮಾರಾಯ್ರೆ. ಮೊದಲು ಜಾರುವ ವಿಷಯ.

ತಾಸೆಯವರು ಟಿಕ್ ಟಿಕ್ ಅಂತ ತಾಳ ಹೇಳುವ ಮೆಟ್ರೋನೋಮ್ ಕಿವಿಗೆ ಸಿಕ್ಕಿಸಿಕೊಂಡು ಬಾರಿಸುವುದಿಲ್ಲ ಅಲ್ವಾ. ಹುಲಿ ಕುಣಿತ ಏರಿದ ಹಾಗೆ ಪೆಟ್ಟೂ ಏರುತ್ತದೆ. ಇಡೀ ರೆಕಾರ್ಡಿಂಗ್‌ಗೆ ಒಂದೇ ವೇಗ ಅಂತ ಇರುವುದೇ ಇಲ್ಲ. ವೇಗ ಸಮ ಇರುವ ಒಂದು ಜಾಗ ಹುಡುಕಿ. ಅಲ್ಲಿ 32 ಪೆಟ್ಟು ಎಣಿಸಿ, ಎಷ್ಟು ಸೆಕೆಂಡ್ ಆಯ್ತು ನೋಡಿ. ಮೊದಲ ಪೆಟ್ಟಿಗೆ ‘ಒಂದು’ ಅನ್ನಬೇಡಿ, ‘ಸೊನ್ನೆ’ ಅಂತ ಶುರು ಮಾಡಿ. ಇಲ್ಲದಿದ್ದರೆ ಒಂದು ಪೆಟ್ಟಿನ ಲೆಕ್ಕ ತಪ್ಪುತ್ತದೆ. 15 ಸೆಕೆಂಡ್ ಆದರೆ ನಿಮಿಷಕ್ಕೆ 128 ಪೆಟ್ಟು, ಅಂದರೆ 128 ಬಿಪಿಎಂ. ಆ ವೇಗಕ್ಕೆ 8 ಪೆಟ್ಟಿನ ಲೂಪ್ ಸರಿಯಾಗಿ 3.75 ಸೆಕೆಂಡ್ ಇರಬೇಕು. ನೀವು ಕಣ್ಣಂದಾಜಿಗೆ 3.81ಕ್ಕೆ ಕತ್ತರಿಸಿದ್ದೀರಿ ಅಂತ ಇಟ್ಟುಕೊಳ್ಳಿ. ಒಂದು ಸುತ್ತಿನಲ್ಲಿ ಗೊತ್ತೇ ಆಗುವುದಿಲ್ಲ. 16 ಸುತ್ತು ಆಗುವಾಗ ಹೆಚ್ಚುಕಮ್ಮಿ ಒಂದು ಸೆಕೆಂಡ್, ಅಂದರೆ ಎರಡು ಪೆಟ್ಟು ಹಿಂದೆ ಬಿದ್ದಿರುತ್ತದೆ.

ವೇಗ ಗೊತ್ತಾದ ಮೇಲೆ ಪ್ರಾಜೆಕ್ಟ್‌ನ ಟೆಂಪೋವನ್ನೇ ಅದಕ್ಕೆ ಇಟ್ಟುಬಿಡಿ. ಸಿಂಥ್ ಹೇಗೂ ನೀವು ಹೇಳಿದ ಹಾಗೆ ಕೇಳುತ್ತದೆ. ತಾಸೆಯನ್ನೇ ಬಗ್ಗಿಸಬೇಕು ಅಂತಿದ್ದರೆ ಎಫ್‌ಎಲ್‌ನಲ್ಲಿ ಕ್ಲಿಪ್‌ನ ಮೆನುವಿನಲ್ಲಿ ‘ಫಿಟ್ ಟು ಟೆಂಪೋ’ ಉಂಟು, ಅಲ್ಲಿ ಮೂಲ ವೇಗ ಕೊಟ್ಟರೆ ಆಯ್ತು. ಆದರೆ ಜಾಸ್ತಿ ಎಳೆಯಬೇಡಿ. ಎಳೆದಷ್ಟೂ ಪೆಟ್ಟಿನ ಮೊನೆ ಹೋಗಿ ಹಸಿ ಹಲಗೆಗೆ ಬಡಿದ ಹಾಗೆ ಆಗುತ್ತದೆ. ದೂರದ ವೇಗಕ್ಕೆ ಒಯ್ಯಬೇಕಾದರೆ ಎಫ್‌ಎಲ್‌ನಲ್ಲೇ ಇರುವ ಫ್ರೂಟಿ ಸ್ಲೈಸರ್‌ಗೆ ಹಾಕಿ. ಅದು ಪೆಟ್ಟು ಪೆಟ್ಟಾಗಿ ತುಂಡು ಮಾಡಿ ಕೊಡುತ್ತದೆ. ಎಳೆಯುವ ಪ್ರಶ್ನೆಯೇ ಇಲ್ಲ.

ಈಗ ಆ ‘ಟಕ್’. ನೀವು ರೆಕಾರ್ಡಿಂಗ್‌ನ ಮೊದಲ ಸುತ್ತನ್ನೇ ಕತ್ತರಿಸಿದ್ದೀರಿ ಅಂತ ನನ್ನ ಗುಮಾನಿ. ನಾನೂ ವರ್ಷಗಟ್ಟಲೆ ಅದನ್ನೇ ಮಾಡಿದ್ದು. ಮೊದಲ ಸುತ್ತು ಶುರುವಾಗುವಾಗ ಹಿಂದೆ ಏನೂ ಇರುವುದಿಲ್ಲ, ಬರೀ ಮೌನ. ಕೊನೆಗೆ ಮಾತ್ರ ಡೋಲಿನ ಗುಂಯ್ ಅನ್ನುವ ಬಾಲ ಇನ್ನೂ ಎಳೆಯುತ್ತಾ ಇರುತ್ತದೆ. ಲೂಪ್ ತಿರುಗುವಾಗ ಆ ಬಾಲ ಥಟ್ಟನೆ ತುಂಡಾಗುತ್ತದೆ. ಎರಡನೆಯದೋ ಮೂರನೆಯದೋ ಸುತ್ತು ತೆಗೆದುಕೊಳ್ಳಿ. ಅದರ ಮೊದಲ ಪೆಟ್ಟಿನ ಅಡಿಯಲ್ಲಿ ಹಿಂದಿನ ಸುತ್ತಿನ ಬಾಲ ಆಗಲೇ ಸೇರಿಕೊಂಡಿರುತ್ತದೆ. ತಿರುಗಿದಾಗ ಬೆಸುಗೆ ಎಲ್ಲಿ ಅಂತ ಕಿವಿಗೆ ಸಿಗುವುದಿಲ್ಲ. ಹೊಸದಾಗಿ ರೆಕಾರ್ಡ್ ಮಾಡುವಾಗಲೂ ಅಷ್ಟೇ, ಒಂದೇ ನಡೆಯನ್ನು ನಾಲ್ಕು ಸುತ್ತು ಬಾರಿಸಲು ಹೇಳಿ.

ಇನ್ನೂ ಚೂರು ಸದ್ದು ಉಳಿದರೆ ಅಲೆಯ ಗೆರೆ ಸೊನ್ನೆ ದಾಟುವ ಜಾಗದಲ್ಲೇ ಕತ್ತರಿಸಬೇಕು. ಸದ್ದು ಕತ್ತರಿಸುವ ಸಾಫ್ಟ್‌ವೇರ್ ಅಡಾಸಿಟಿಯಲ್ಲಿ ಆಯ್ಕೆ ಮಾಡಿಕೊಂಡು ಝಡ್ ಕೀ ಒತ್ತಿದರೆ ಅದೇ ಆ ಜಾಗಕ್ಕೆ ಸರಿಯುತ್ತದೆ. ಕೊನೆಗೆ ಒಂದು 5 ಮಿಲಿಸೆಕೆಂಡ್ ಫೇಡ್ (ಸದ್ದನ್ನು ಸೊನ್ನೆಗೆ ಇಳಿಸುವುದು) ಕೊಡಿ, ಸಾಕು.

ಮತ್ತೆ, ಎಂಪಿ3 ಮಾಡಿ ಇಟ್ಟಿದ್ದೀರಾ? ಎಂಪಿ3 ಮಾಡುವಾಗ ಫೈಲಿನ ತಲೆಗೂ ಬಾಲಕ್ಕೂ ಚೂರು ಖಾಲಿ ಜಾಗ ಸೇರಿಕೊಳ್ಳುತ್ತದೆ. ಹಾಡಿಗೆ ಅದರಿಂದ ಏನೂ ಇಲ್ಲ, ಲೂಪಿಗೆ ಅದು ವಿಷ. ವೇವ್ ಫೈಲ್ ಇಡಿ. ವಾಟ್ಸಾಪ್‌ನಲ್ಲಿ ತರಿಸಿಕೊಳ್ಳುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಒಂದು ಮಾತು ಬಿಟ್ಟುಹೋಯ್ತು. ಕಾಗದ ಉರಿಸಿ ತಾಸೆ ಬಿಸಿ ಮಾಡಿಕೊಳ್ಳುವುದನ್ನು ನೋಡಿದ್ದೀರಿ ಅಲ್ವಾ. ಬಿಸಿ ಆರಿದ ಹಾಗೆ ಚರ್ಮ ಸಡಿಲ ಆಗಿ ಸ್ವರ ಇಳಿಯುತ್ತದೆ. ಶುರುವಿನ ಒಂದು ತುಂಡು, ಅರ್ಧ ಗಂಟೆ ನಂತರದ ಒಂದು ತುಂಡು ಸೇರಿಸಿದರೆ ಎರಡು ಬೇರೆ ಬೇರೆ ತಾಸೆಯ ಹಾಗೆ ಕೇಳುತ್ತದೆ. ಒಂದು ಟ್ರ್ಯಾಕಿಗೆ ಬೇಕಾದ್ದೆಲ್ಲ ಒಂದೇ ಬಿಸಿಯಲ್ಲಿ ಹಿಡಿಯಿರಿ.

ಕುಂದಾಪುರದಿಂದ

ಮೇಲಿನವರು ಹೇಳಿದ್ದು ಸರಿ. ನನ್ನದು ಯಕ್ಷಗಾನದ ಕಡೆಯ ಅನುಭವ. ಮದ್ದಳೆಯ ತ್ರಿವುಡೆ ತಾಳದ ಲೂಪ್ ಮಾಡಲು ಹೋಗಿ ಎರಡು ದಿನ ಹಾಳು ಮಾಡಿದ್ದೇನೆ. ಸಾಫ್ಟ್‌ವೇರ್ ತೆರೆದ ಕೂಡಲೇ ಅದು ನಾಲ್ಕರ ಲೆಕ್ಕದ ಗೆರೆ ಹಾಕಿಕೊಂಡು ಕೂತಿರುತ್ತದೆ. ತ್ರಿವುಡೆಗೆ ಏಳು ಅಕ್ಷರ. ನಾನು ಗೆರೆ ನೋಡಿ ಎಂಟಕ್ಕೆ ಎಳೆದು ಕೂರಿಸಿದೆ. ಕೇಳಿದ ಮದ್ದಳೆಯವರು ಒಂದೇ ಮಾತು ಹೇಳಿದರು, ‘ಇದಕ್ಕೆ ಕಾಲು ಜಾಸ್ತಿ ಉಂಟು’. ಮೊದಲು ಟೈಮ್ ಸಿಗ್ನೇಚರ್ (ಒಂದು ಸುತ್ತಿಗೆ ಎಷ್ಟು ಎಂಬ ಲೆಕ್ಕ) ಏಳಕ್ಕೆ ಬದಲಿಸಿ, ಆಮೇಲೆ ಕತ್ತರಿ ಹಿಡಿಯಿರಿ. ರೂಪಕ ಆದರೆ ಆರು.

ಫೈಲಿಗೆ ಹೆಸರು ಇಡುವುದರಲ್ಲಿ ಉದಾಸೀನ ಬೇಡ. ನಾನು ವಾದ್ಯ, ವೇಗ, ತಾಳ, ಶ್ರುತಿ ನಾಲ್ಕೂ ಬರೆಯುತ್ತೇನೆ. ‘ಮದ್ದಳೆ 92 ತ್ರಿವುಡೆ ಕಪ್ಪು 1’ ಅಂತ. ಕಪ್ಪು 1 ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿ. ಶ್ರುತಿ ಬರೆಯದೆ ಇಟ್ಟ ಮೂವತ್ತು ಮದ್ದಳೆ ಲೂಪ್ ನನ್ನ ಹತ್ತಿರ ಉಂಟು. ಹಾಡಿಗೆ ಯಾವುದು ಹೊಂದುತ್ತದೆ ಅಂತ ನೋಡಲು ಪ್ರತಿ ಸಲ ಮೂವತ್ತನ್ನೂ ಕೇಳಬೇಕು.

ಇನ್ನೊಂದು, ಫೋನಿನ ವಿಡಿಯೋದಿಂದ ತೆಗೆದ ಸದ್ದಿನ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಸದ್ದು ಅಳೆದಿದೆ ಎಂಬ ಲೆಕ್ಕ) ಸಾಮಾನ್ಯವಾಗಿ 48 ಕಿಲೋಹರ್ಟ್ಸ್. ಹೆಚ್ಚಿನ ಸಾಫ್ಟ್‌ವೇರ್ ಅದನ್ನು ತಾನೇ ಸರಿ ಮಾಡಿಕೊಳ್ಳುತ್ತದೆ. ಎಲ್ಲಾದರೂ ಅದನ್ನು 44.1 ಅಂತ ತಪ್ಪಾಗಿ ಓದಿದರೆ ವೇಗ ಕಮ್ಮಿ ಆಗುತ್ತದೆ, ಶ್ರುತಿ ಸುಮಾರು ಒಂದೂವರೆ ಮನೆ ಇಳಿಯುತ್ತದೆ. ಚೆಂಡೆ ಯಾಕೋ ಭಾರ ಆಯ್ತಲ್ಲ ಅನ್ನಿಸಿದರೆ ಮೊದಲು ಇದನ್ನು ನೋಡಿ.

ಮಂಗಳೂರಿನಿಂದ

ನಾನು ಮದುವೆಗೂ, ಕ್ರೈಸ್ತರ ಮದುವೆಗೆ ಮುಂಚಿನ ‘ರೋಸ್’ ಶಾಸ್ತ್ರಕ್ಕೂ ಗುಮಟೆ (ಮಣ್ಣಿನ ಮಡಕೆಯ ಚರ್ಮವಾದ್ಯ) ಲೂಪ್ ಹಾಕಿ ಮಿಕ್ಸ್ ಮಾಡುವವನು. ನನ್ನದು ಒಂದೇ ಕಥೆ. ಲೂಪ್ ಎಲ್ಲ ಪೆನ್‌ಡ್ರೈವ್‌ನಿಂದ ನೇರ ಎಳೆದು ಹಾಕಿದ್ದೆ. ರೋಸ್ ದಿನ ಸಂಜೆ ಹಾಲ್‌ನಲ್ಲಿ ಲ್ಯಾಪ್‌ಟಾಪ್ ತೆರೆದರೆ ಫೈಲ್ ಸಿಗುತ್ತಿಲ್ಲ ಅಂತ ಸಾಲು ಸಾಲು. ಪೆನ್‌ಡ್ರೈವ್ ಮನೆಯ ಮೇಜಿನ ಮೇಲೆ. ಪ್ರಾಜೆಕ್ಟ್ ಫೈಲಿನಲ್ಲಿ ಸದ್ದು ಇರುವುದಿಲ್ಲ, ಸದ್ದು ಎಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತದೆ ಅಂತ ಅವತ್ತು ಗೊತ್ತಾಯ್ತು. ಕೊನೆಗೆ ಗುಮಟೆಯವರೇ ಎರಡು ಗಂಟೆ ಬಿಡದೆ ಬಾರಿಸಿದರು, ಪಾಪ.

ಎಫ್‌ಎಲ್‌ನಲ್ಲಿ ‘ಝಿಪ್ಡ್ ಲೂಪ್ ಪ್ಯಾಕೇಜ್’ ಅಂತ ಎಕ್ಸ್‌ಪೋರ್ಟ್ ಮಾಡಿ. ಬೇರೆ ಸಾಫ್ಟ್‌ವೇರ್ ಬಳಸುವವರಾದರೆ, ಏಬಲ್‌ಟನ್‌ನಲ್ಲಿ ‘ಕಲೆಕ್ಟ್ ಆಲ್ ಆ್ಯಂಡ್ ಸೇವ್’. ರೀಪರ್‌ನಲ್ಲಿ ಸೇವ್ ಆ್ಯಸ್ ಮಾಡುವಾಗ ಮೀಡಿಯಾ ಎಲ್ಲ ಕಾಪಿ ಮಾಡುವ ಟಿಕ್ ಉಂಟು. ಲೂಪಿಗೆಲ್ಲ ಒಂದೇ ಫೋಲ್ಡರ್ ಇಟ್ಟು, ಅದನ್ನು ಎಫ್‌ಎಲ್‌ನ ಫೈಲ್ ಸೆಟ್ಟಿಂಗ್ಸ್‌ನಲ್ಲಿ ಬ್ರೌಸರ್‌ಗೆ ಸೇರಿಸಿಬಿಡಿ.

ಕುಂದಾಪುರದಿಂದ, ಮತ್ತೆ

ಕೇಳದಿದ್ದರೂ ಹೇಳುತ್ತೇನೆ. ಹಳೆ ಯಕ್ಷಗಾನ ಕ್ಯಾಸೆಟ್‌ನಿಂದ ಚೆಂಡೆ ಕತ್ತರಿಸಿದರೆ ಅದು ‘ಸ್ವಂತ ಲೂಪ್’ ಆಗುವುದಿಲ್ಲ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಧ್ವನಿಮುದ್ರಣಕ್ಕೆ 60 ವರ್ಷ ಹಕ್ಕು ಇರುತ್ತದೆ, ಬಿಡುಗಡೆಯಾದ ಮರುವರ್ಷದಿಂದ ಲೆಕ್ಕ. 1985ರ ಕ್ಯಾಸೆಟ್ ಆದರೆ 2045 ಮುಗಿಯುವ ತನಕ. ನಾವೇ ರೆಕಾರ್ಡ್ ಮಾಡಿದ್ದಾದರೂ ಬಾರಿಸಿದವರನ್ನು ಒಂದು ಮಾತು ಕೇಳಿ, ದುಡ್ಡು ಬರುವ ಕೆಲಸ ಆದರೆ ಅವರಿಗೂ ಕೊಡಿ. ಭೂತಕೋಲದ ತೆಂಬರೆ ವಾದ್ಯ, ಪಾಡ್ದನದ ಹಾಡು ಲೂಪ್ ಮಾಡಿ ಡಿಜೆಗೆ ಹಾಕುವುದು ನನಗಂತೂ ಸರಿ ಕಾಣುವುದಿಲ್ಲ. ಯಾರಾದರೂ ಜಗಳ ಮಾಡುವುದಿದ್ದರೆ ಮಾಡಿ.

ಪ್ರಶ್ನೆ ಕೇಳಿದವರು

ನಿನ್ನೆ ರಾತ್ರಿ ಕೂತು ಮಾಡಿದೆ. ಮೂರನೇ ಸುತ್ತು ತೆಗೆದುಕೊಂಡೆ, ‘ಟಕ್’ ಹೋಯ್ತು. ವೇಗ ಎಣಿಸಿದರೆ 131 ಬಂತು, ನಾನು ಸುಮ್ನೆ 130 ಇಟ್ಟುಕೊಂಡಿದ್ದೆ. ಈಗ ಜಾರುವುದಿಲ್ಲ. ಹೊಸ ತಲೆನೋವು ಅಂದರೆ ಐದನೇ ಪೆಟ್ಟಿಗೆ ಹಿಂದಿನಿಂದ ಯಾರೋ ‘ಓ ಹೋ’ ಅಂತ ಕೂಗಿದ್ದಾರೆ. ಪ್ರತಿ ಸುತ್ತಿಗೂ ಕೂಗುತ್ತಾನೆ ಪುಣ್ಯಾತ್ಮ.

ಸುರತ್ಕಲ್‌ನಿಂದ

ಆ ಒಂದು ಪೆಟ್ಟನ್ನು ಪಕ್ಕದ ಸುತ್ತಿನಿಂದ ತಂದು ಕೂರಿಸಿ. ಕೂಗನ್ನು ಬಿಸಾಡಬೇಡಿ, ಬೇರೆ ಫೈಲ್ ಮಾಡಿ ಇಡಿ. ಹುಲಿ ಅಕ್ಕಿಮುಡಿ ಎತ್ತುವ ಜಾಗದಲ್ಲಿ ಒಮ್ಮೆ ಹಾಕಿದರೆ ಚಂದ ಬರುತ್ತದೆ.