ಸಹಾಯ ಬೇಕು: ಈ ಲೈನ್ ಆಕ್ಸಿಜನ್ದಾ, ಹೈಡ್ರೋಜನ್ದಾ?

ಎಲ್ರಿಗೂ ನಮಸ್ಕಾರ, ಎಂಎಸ್ಸಿ ಪ್ರಾಜೆಕ್ಟ್‌ಗೆ ಜೇಮ್ಸ್ ವೆಬ್‌ನ ನಿಯರ್‌ಸ್ಪೆಕ್ ಪ್ರಿಸಂ (ಆ ಬಾಹ್ಯಾಕಾಶ ದೂರದರ್ಶಕದಲ್ಲಿ ಬೆಳಕನ್ನ ತರಂಗಾಂತರಗಳಾಗಿ ಬಿಡಿಸೋ ಉಪಕರಣ) ಡೇಟಾ (ಪಬ್ಲಿಕ್ ಆಗಿರೋದೇ) ಇಳಿಸ್ಕೊಂಡು ಒಂದು ತೀರಾ ಮಂಕು ಗ್ಯಾಲಕ್ಸಿ ನೋಡ್ತಿದೀನಿ. 3.5 ಮೈಕ್ರಾನ್ ಹತ್ರ ಒಂದೇ ಒಂದು ಎಮಿಷನ್ ಲೈನ್ (ಒಂದು ಧಾತು ತನ್ನದೇ ತರಂಗಾಂತರದಲ್ಲಿ ಹೊಮ್ಮಿಸೋ ಬೆಳಕು) ಎದ್ದು ಕಾಣತ್ತೆ, ಮಿಕ್ಕಿದ್ದೆಲ್ಲ ಬರೀ ನಾಯ್ಸ್. ಎಚ್-ಆಲ್ಫಾ (ಹೈಡ್ರೋಜನ್ ಲೈನ್) ಅಂದ್ಕೊಂಡ್ರೆ ರೆಡ್‌ಶಿಫ್ಟ್ 4.33 (ಬ್ರಹ್ಮಾಂಡ ಹಿಗ್ಗಿ ಬೆಳಕಿನ ತರಂಗಾಂತರ ಎಷ್ಟು ಉದ್ದ ಆಗಿದೆ ಅನ್ನೋ ಅಳತೆ), 5007 ಆಂಗ್‌ಸ್ಟ್ರಾಮ್‌ನ ಆಕ್ಸಿಜನ್ ಲೈನ್ ಅಂದ್ಕೊಂಡ್ರೆ 5.99, ಅಲ್ಲಿಗೂ ಇಲ್ಲಿಗೂ ಕೋಟಿಗಟ್ಲೆ ವರ್ಷದ ವ್ಯತ್ಯಾಸ ಮಾರಾಯ್ರೆ! ಮೊದಲ್ನೇದಾಗಿದ್ರೆ 2.67ರಲ್ಲಿ ಆಕ್ಸಿಜನ್ ಕಾಣ್ಬೇಕಿತ್ತು, ಅಲ್ಲೇನೂ ಇಲ್ಲ, ಎರಡನೇದಾಗಿದ್ರೆ ಎಚ್-ಆಲ್ಫಾ 4.59ಕ್ಕೆ ಬರ್ಬೇಕು, ಅಲ್ಲೊಂದು ಸಣ್ಣ ಉಬ್ಬು ಇದೆ ಆದ್ರೆ ನಂಬೋಕೆ ಧೈರ್ಯ ಸಾಲ್ತಿಲ್ಲ, ಯಾಕಂದ್ರೆ 2ಡಿ ಸ್ಪೆಕ್ಟ್ರಮ್‌ನಲ್ಲಿ ಮೇನ್ ಲೈನಿಗೆ ಮೇಲೂ ಕೆಳಗೂ ನೆಗೆಟಿವ್ ನೆರಳು (ಹಿನ್ನೆಲೆ ಕಳೆಯುವಾಗ ನಿಜವಾದ ಲೈನಿಗೆ ಬೀಳೋದು) ನೀಟಾಗಿ ಬಿದ್ದಿದೆ, ಈ ಉಬ್ಬಿಗೆ ಒಂದೇ ಕಡೆ ಇದ್ದಂಗಿದೆ.

ಮೇನ್ ಲೈನಿನ ಎಡಕ್ಕೆ ಭುಜದ ತರ ಸ್ವಲ್ಪ ಚಾಚ್ಕೊಂಡಿದೆ, ಆಕ್ಸಿಜನ್ನಿನ ಜೋಡಿ ಲೈನ್ 4959 ಇರ್ಬೋದಾ? ಪ್ರಿಸಂ ರೆಸಲ್ಯೂಷನ್ ಕಮ್ಮಿ ಇರೋದ್ರಿಂದ ಎರಡೂ ಅಂಟ್ಕೊಂಡಿವೆ ಅನ್ಸತ್ತೆ. ಎರಡರ ಪ್ರಖರತೆಗೆ 1:3 ಅನುಪಾತ ಫಿಕ್ಸ್ ಮಾಡಿ ಎರಡು ಗೌಸಿಯನ್ (ಗಂಟೆ ಆಕಾರದ ಕರ್ವ್) ಫಿಟ್ ಮಾಡಿದ್ರೆ ಒಪ್ಕೋತಾರಾ? ಲೈಮನ್ ಬ್ರೇಕ್ (ಹೈಡ್ರೋಜನ್ ಹೀರ್ಕೊಂಡು ಬೆಳಕು ಥಟ್ಟನೆ ಕಡಿಮೆಯಾಗೋ ಜಾಗ) 0.85 ಮೈಕ್ರಾನ್ ಹತ್ರ ಹುಡುಕೋಣ ಅಂದ್ರೆ ಕಂಟಿನ್ಯುಯಮ್ಮೇ (ಲೈನ್ ಬಿಟ್ಟು ಉಳಿದ ಸತತ ಬೆಳಕು) ಇಲ್ಲ. ಬ್ರೇಕ್ ಮೇಲೂ ಪೂರ್ತಿ ನೆಚ್ಕೊಳೋಕಾಗಲ್ಲ ಬಿಡಿ, ಜೇಡ್ಸ್-ಜಿಎಸ್-ಝಡ್14-0 ಅನ್ನೋ ತುಂಬಾ ದೂರದ ಗ್ಯಾಲಕ್ಸಿಗೆ ಬ್ರೇಕ್ ನೋಡಿ ರೆಡ್‌ಶಿಫ್ಟ್ 14.32 ಅಂದಿದ್ರು, ಆಮೇಲೆ ಆಲ್ಮಾ ರೇಡಿಯೋ ದೂರದರ್ಶಕದಲ್ಲಿ ಆಕ್ಸಿಜನ್ ಲೈನ್ ಸಿಕ್ಕಿ 14.18 ಆಯ್ತು. ಪೈಥಾನ್‌ನಲ್ಲಿ ಇಂಥದ್ದು ಫಿಟ್ ಮಾಡಿರೋರು ಇದ್ರೆ ಹೇಳಿ, ಪ್ಲಾಟ್ ಕಾಮೆಂಟಲ್ಲಿ ಹಾಕ್ತೀನಿ.