ಮುಕ್ಕಾಲಿಗೆ ಬಂದು ನಿಲ್ಲುವ ಪವರ್ ವಿಂಡೋ: ಮೋಟಾರನ್ನೇ ಬದಲಿಸಬೇಕೇ?

ಮಳೆಹಾದಿ, ಸಾಗರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿರುವುದು 2010ರ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು. ಐದು ವರ್ಷಗಳ ಹಿಂದೆ ಸೆಕೆಂಡ್‌ಹ್ಯಾಂಡ್ ಕೊಂಡದ್ದು. ಮುಂದಿನ ಎಡಬಾಗಿಲಿನ ಪವರ್ ವಿಂಡೋ ಎರಡು ತಿಂಗಳಿನಿಂದ ಸತಾಯಿಸುತ್ತಿದೆ. ಇಳಿಯುವಾಗ ಏನೂ ತಕರಾರಿಲ್ಲ. ಏರುವಾಗ ಮಾತ್ರ ಮುಕ್ಕಾಲು ಎತ್ತರದವರೆಗೆ ನಿಧಾನವಾಗಿ ಬಂದು, ಮುಲುಗಿದಂತೆ ಸದ್ದು ಮಾಡಿ ನಿಲ್ಲುತ್ತದೆ. ಬಿಡದೆ ಸ್ವಿಚ್ ಒತ್ತಿದರೆ ಆ ಸದ್ದೂ ಅಡಗಿಹೋಗುತ್ತದೆ. ಹತ್ತು ನಿಮಿಷ ಸುಮ್ಮನಿದ್ದು ಒತ್ತಿದರೆ ಮತ್ತೆ ಜೀವ ಬರುತ್ತದೆ. ಹೋದ ವಾರ ಉಡುಪಿಗೆ ಹೊರಟಾಗ ಆಗುಂಬೆ ಘಾಟಿಯ ಮಳೆಯಲ್ಲಿ ಗ್ಲಾಸು ಹೀಗೆಯೇ ನಿಂತಿತು. ನನ್ನ ಹೆಂಡತಿ ಸೋಮೇಶ್ವರದವರೆಗೂ ಅರ್ಧ ಬಿಚ್ಚಿದ ಕೊಡೆಯನ್ನು ಕಿಟಕಿಗೆ ಅಡ್ಡ ಹಿಡಿದು ಕುಳಿತಿರಬೇಕಾಯಿತು.

ಒಂದು ವರ್ಕ್‌ಶಾಪಿನಲ್ಲಿ ತೋರಿಸಿದೆ. ಬಾಗಿಲನ್ನು ಬಿಚ್ಚದೆ, ಸ್ವಿಚ್ಚನ್ನು ನಾಲ್ಕು ಸಲ ಒತ್ತಿ ನೋಡಿ, ಮೋಟಾರು ಮತ್ತು ಗ್ಲಾಸ್ ಮಷಿನ್ (ಬಾಗಿಲಿನೊಳಗೆ ಗ್ಲಾಸನ್ನು ಏರಿಳಿಸುವ ಸಲಕರಣೆ) ಎರಡನ್ನೂ ಸೇರಿಸಿ ಬದಲಿಸಬೇಕು, 5,400 ರೂಪಾಯಿ ಆಗುತ್ತದೆ ಎಂದರು. ಚಾಲಕನ ಕಡೆಯ ಸ್ವಿಚ್ ಒತ್ತಿದರೂ ಎಡಬಾಗಿಲಿನದೇ ಸ್ವಿಚ್ ಒತ್ತಿದರೂ ಗ್ಲಾಸು ಒಂದೇ ರೀತಿ ವರ್ತಿಸುವುದರಿಂದ ಸ್ವಿಚ್‌ನಲ್ಲಿ ದೋಷವಿಲ್ಲ ಎಂದು ನಾನು ಭಾವಿಸಿದ್ದೇನೆ. ಮೋಟಾರು ನಿಜವಾಗಿಯೂ ಹೋಗಿದೆಯೇ ಎಂದು ಮನೆಯಲ್ಲೇ ಪರೀಕ್ಷಿಸುವ ಬಗೆ ಇದೆಯೇ? ನನ್ನಲ್ಲಿ ಮಲ್ಟಿಮೀಟರ್ ಇದೆ. ಮನೆಯ ವೈರಿಂಗ್ ಕೆಲಸಗಳನ್ನು ನಾನೇ ಮಾಡಿಕೊಳ್ಳುತ್ತೇನೆ.

ಹನ್ನೆರಡು ವೋಲ್ಟ್, ಮಂಗಳೂರು

ತಾವು ಹೇಳಿದ ಲಕ್ಷಣಗಳಲ್ಲಿ ಮೋಟಾರು ಹೋಗಿದೆ ಎನ್ನುವುದಕ್ಕೆ ಇನ್ನೂ ಸಾಕ್ಷಿ ಇಲ್ಲ. ಹತ್ತು ನಿಮಿಷ ಬಿಟ್ಟ ಮೇಲೆ ಜೀವ ಬರುವುದು ಮೋಟಾರಿನೊಳಗೆ ಇರುವ ಒಂದು ಪುಟ್ಟ ರಕ್ಷಣಾ ಬಿಡಿಭಾಗದ ಕೆಲಸ. ಗ್ಲಾಸು ಸಿಕ್ಕಿಕೊಂಡು ಮೋಟಾರು ತಿರುಗದೆ ನಿಂತಾಗ ಅದು ಮಾಮೂಲಿಗಿಂತ ಹಲವು ಪಟ್ಟು ಕರೆಂಟನ್ನು ಎಳೆಯುತ್ತದೆ. ಆಗ ಹುಟ್ಟುವ ಬಿಸಿಗೆ ಈ ಬಿಡಿಭಾಗ ಕರೆಂಟನ್ನು ತಡೆದು, ತಣ್ಣಗಾದ ಮೇಲೆ ಮತ್ತೆ ಬಿಡುತ್ತದೆ. ಮೋಟಾರಿಗೆ ತಾಳಲಾರದ ಭಾರ ಬೀಳುತ್ತಿದೆ ಎಂಬುದಷ್ಟೇ ಇದರಿಂದ ತಿಳಿಯುವುದು. ಆ ಭಾರಕ್ಕೆ ಕಾರಣ ಗ್ಲಾಸು ಜಾರುವ ಚಾನೆಲ್ ರಬ್ಬರು ಇರಬಹುದು, ಮೋಟಾರನ್ನು ತಲುಪುವ ವೋಲ್ಟೇಜು ಕಡಿಮೆ ಇರಬಹುದು, ಮೋಟಾರೇ ಸವೆದಿರಬಹುದು. ನನ್ನ ಅನುಭವದಲ್ಲಿ ಮೊದಲಿನ ಎರಡು ಕಾರಣಗಳೇ ಹೆಚ್ಚು; ದುಡ್ಡು ಸುರಿಯುವುದು ಮಾತ್ರ ಮೂರನೆಯದಕ್ಕೆ.

ಸ್ವಿಚ್ ಬಗ್ಗೆ ತಾವು ಮಾಡಿಕೊಂಡ ತೀರ್ಮಾನವನ್ನು ಸ್ವಲ್ಪ ತಿದ್ದಬೇಕಾಗುತ್ತದೆ. ತಮ್ಮ ಕಾರಿನ ಕಾಲದ ಅನೇಕ ಕಾರುಗಳಲ್ಲಿ ಮೋಟಾರಿನ ಪೂರ್ತಿ ಕರೆಂಟು ಸ್ವಿಚ್ಚಿನ ಮೂಲಕವೇ ಹರಿಯುತ್ತದೆ. ಮೋಟಾರಿಗೆ ಇರುವುದು ಎರಡೇ ವೈರು. ಯಾರೂ ಸ್ವಿಚ್ ಒತ್ತದಿರುವಾಗ ಅವೆರಡೂ ಅರ್ತ್‌ಗೆ, ಎಂದರೆ ಬ್ಯಾಟರಿಯ ನೆಗೆಟಿವ್‌ಗೆ, ಸೇರಿರುತ್ತವೆ. ಏರಿಸಲು ಒತ್ತಿದಾಗ ಒಂದು ವೈರು ಪಾಸಿಟಿವ್‌ಗೆ ಹೋಗುತ್ತದೆ, ಇನ್ನೊಂದು ಅರ್ತ್‌ನಲ್ಲೇ ಉಳಿಯುತ್ತದೆ. ಆ ಅರ್ತ್ ಸಿಗುವುದು ಎಲ್ಲಿಂದ? ಎಡಬಾಗಿಲಿನ ಸ್ವಿಚ್ಚನ್ನು ದಾಟಿ, ಚಾಲಕನ ಬಾಗಿಲಿನ ಮಾಸ್ಟರ್ ಸ್ವಿಚ್ಚಿನ ಸಂಪರ್ಕಬಿಂದುವಿನ ಮೂಲಕ. ಎಂದರೆ ತಾವು ಯಾವ ಸ್ವಿಚ್ ಒತ್ತಿದರೂ ಕರೆಂಟು ಹಿಂದಿರುಗುವ ದಾರಿ ಮಾಸ್ಟರ್ ಸ್ವಿಚ್ಚೇ. ಅಲ್ಲಿನ ತಾಮ್ರದ ಬಿಂದು ಸುಟ್ಟು ಕಪ್ಪಾಗಿದ್ದರೆ ಎರಡೂ ಕಡೆಯಿಂದ ಗ್ಲಾಸು ಒಂದೇ ರೀತಿ ಸತಾಯಿಸುತ್ತದೆ. ಇಳಿಯುವಾಗ ಗ್ಲಾಸಿನ ತೂಕವೇ ಮೋಟಾರಿಗೆ ನೆರವಾಗುವುದರಿಂದ ಆ ಕೊರತೆ ಕಣ್ಣಿಗೆ ಬೀಳುವುದಿಲ್ಲ.

ಪರೀಕ್ಷೆ ಹೀಗೆ ಮಾಡಿ. ಡೋರ್ ಪ್ಯಾಡ್ (ಬಾಗಿಲಿನ ಒಳಬದಿಯ ಹೊದಿಕೆ) ಬಿಚ್ಚಿ, ಮೋಟಾರಿನ ಕನೆಕ್ಟರ್ ಸೇರಿಕೊಂಡಿರುವಾಗಲೇ ಅದರ ಹಿಂಬದಿಯಿಂದ ಮೀಟರಿನ ಮೊನೆಗಳನ್ನು ತೂರಿಸಿ, ಎಂಜಿನ್ ಚಾಲೂ ಇಟ್ಟು, ಗ್ಲಾಸು ಏರುತ್ತಿರುವಾಗ ವೋಲ್ಟೇಜನ್ನು ಅಳೆಯಿರಿ. ಕನೆಕ್ಟರ್ ಕಳಚಿ ಅಳೆದರೆ ಪ್ರಯೋಜನವಿಲ್ಲ, ಏಕೆಂದರೆ ಕರೆಂಟು ಹರಿಯದಿರುವಾಗ ಸುಟ್ಟ ಸ್ವಿಚ್ಚು ಕೂಡ ಪೂರ್ತಿ ವೋಲ್ಟೇಜನ್ನೇ ತೋರಿಸುತ್ತದೆ. ಬಳಿಕ ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಮೋಟಾರಿನ ನೆಗೆಟಿವ್ ವೈರಿಗೂ ಇಟ್ಟು, ಗ್ಲಾಸು ಏರುವಾಗಲೇ ನೋಡಿ. ಹಾಗೆಯೇ ಪಾಸಿಟಿವ್ ಕಡೆಗೂ ಮಾಡಿ. ಒಂದೊಂದು ಕಡೆ ಅರ್ಧ ವೋಲ್ಟಿನ ಆಸುಪಾಸು ಕಳೆದುಹೋದರೆ ಚಿಂತೆಯಿಲ್ಲ. ಒಂದು ವೋಲ್ಟ್ ದಾಟಿದರೆ ಆ ಕಡೆ ಹುಡುಕಬೇಕು. ಸ್ವಿಚ್ಚಿನ ಜೊತೆಗೆ ಬಾಗಿಲು ಮತ್ತು ಬಾಡಿಯ ನಡುವಿನ ರಬ್ಬರ್ ಕೊಳವೆಯನ್ನೂ ಬಿಚ್ಚಿ ನೋಡಿ. ಬಾಗಿಲು ತೆರೆದು ಮುಚ್ಚಿ ವೈರು ಅಲ್ಲಿಯೇ ಬಳಲುತ್ತದೆ. ಹೊರಗಿನ ಪ್ಲಾಸ್ಟಿಕ್ ನೆಟ್ಟಗಿದ್ದು ಒಳಗಿನ ಎಳೆಗಳಲ್ಲಿ ನಾಲ್ಕೋ ಐದೋ ಮಾತ್ರ ಉಳಿದಿರುವುದನ್ನು ನಾನು ಹಲವು ಸಲ ಕಂಡಿದ್ದೇನೆ.

ಗುಜರಿಗೆಳೆಯ, ಬೆಂಗಳೂರು

ಮೇಲಿನವರ ವಿವರಣೆ ಸರಿಯಾಗಿಯೇ ಇದೆ. ಆದರೆ ಹದಿನೈದು ವರ್ಷ ದಾಟಿದ ಮೋಟಾರಿನ ಮೇಲೆ ಅಷ್ಟೊಂದು ವಿಶ್ವಾಸ ಇಡುವುದನ್ನು ನಾನು ಒಪ್ಪಲಾರೆ. ನನ್ನ ಕಾರಿನಲ್ಲಿ ಕಾರ್ಬನ್ (ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಪುಟ್ಟ ತುಂಡು) ಸವೆದು ಮೋಟಾರು ಆಗಾಗ ಕೈಕೊಡುತ್ತಿತ್ತು. ಬಾಗಿಲಿಗೆ ಮುಷ್ಟಿಯಿಂದ ಒಂದು ಗುದ್ದು ಕೊಟ್ಟರೆ ಎಚ್ಚರಗೊಳ್ಳುತ್ತಿತ್ತು. ಗುದ್ದಿಗೆ ಬಗ್ಗುವ ಮೋಟಾರಾದರೆ ಕಾರ್ಬನ್ ಮುಗಿದಿದೆ ಎಂದು ಬಹುಮಟ್ಟಿಗೆ ನಂಬಬಹುದು. ವೈಂಡಿಂಗ್ ಅಂಗಡಿಯಲ್ಲಿ ಬೇರೆ ಕಾರ್ಬನ್ನನ್ನು ಅಳತೆಗೆ ಉಜ್ಜಿ ಕೂರಿಸಿಕೊಟ್ಟರು, ಎಂಟು ತಿಂಗಳು ನಡೆಯಿತು, ಆಮೇಲೆ ಮತ್ತೆ ಅದೇ ಕಥೆ. ಆರ್ಮೇಚರಿನ, ಎಂದರೆ ಆ ತಿರುಗುವ ಭಾಗದ, ತಾಮ್ರದ ಪಟ್ಟಿಗಳಲ್ಲಿ ಗುಳಿ ಬಿದ್ದಿದ್ದರೆ ಹೊಸ ಕಾರ್ಬನ್ ಬಾಳುವುದಿಲ್ಲ ಎಂಬುದು ಆಗ ತಿಳಿಯಿತು.

ಮೋಟಾರು ತಿರುಗುವ ಸದ್ದು ಕೇಳಿಸುತ್ತಿದ್ದು ಗ್ಲಾಸು ಮಾತ್ರ ಅಲ್ಲಾಡದಿದ್ದರೆ ಅದು ಬೇರೆಯೇ ರೋಗ. ಕೆಲವು ಮೋಟಾರುಗಳ ಪ್ಲಾಸ್ಟಿಕ್ ಗೇರಿನ ಮಧ್ಯೆ ಮೂರು ಪುಟ್ಟ ರಬ್ಬರ್ ತುಂಡುಗಳಿರುತ್ತವೆ. ಅವು ಪುಡಿಯಾದರೆ ಗೇರು ತಾನೊಂದೇ ತಿರುಗುತ್ತದೆ. ಕಟಕಟ ಸದ್ದು ಬಂದು ಗ್ಲಾಸು ವಾಲಿದರೆ ಮಷಿನ್ನಿನ ಕೇಬಲ್ ಎಳೆ ಬಿಚ್ಚಿದೆ ಎಂದು ತಿಳಿಯಬೇಕು, ಆಗ ಮಷಿನ್ ಬದಲಿಸುವುದು ಅನಿವಾರ್ಯ. ತಮ್ಮದು ಇವೆರಡೂ ಅಲ್ಲವೆಂದು ತೋರುತ್ತದೆ.

ಕೊಳ್ಳಲೇಬೇಕಾಗಿ ಬಂದರೆ ಮೋಟಾರೊಂದೇ ಬೇರೆಯಾಗಿ ಸಿಗುತ್ತದೆಯೇ ಎಂದು ಕೇಳಿ. ಅನೇಕ ಮಾದರಿಗಳಲ್ಲಿ ಮೂರು ಸ್ಕ್ರೂಗಳಿಂದ ಮಷಿನ್ನಿಗೆ ಕೂರುವ ಮೋಟಾರು ಬಿಡಿಯಾಗಿ ದೊರೆಯುತ್ತದೆ. ಬೆಂಗಳೂರಿಗೆ ಬರುವುದಿದ್ದರೆ ಜೆ.ಸಿ. ರಸ್ತೆಯ ವಾಹನ ಬಿಡಿಭಾಗಗಳ ಅಂಗಡಿಗಳಲ್ಲಿ ವಿಚಾರಿಸಬಹುದು. ಹಳೆಯ ಮೋಟಾರನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಏಕೆಂದರೆ ಎಡ ಮತ್ತು ಬಲ ಬಾಗಿಲಿನ ಮೋಟಾರುಗಳು ಒಂದಕ್ಕೊಂದು ಕನ್ನಡಿಬಿಂಬದಂತಿರುತ್ತವೆ. ನಾನು ಒಮ್ಮೆ ಬಲಗಡೆಯದನ್ನು ತಂದು ಇಡೀ ಭಾನುವಾರವನ್ನು ಹಾಳು ಮಾಡಿಕೊಂಡೆ.

ಕಬ್ಬಿಣದ ಕೈ, ಹುಬ್ಬಳ್ಳಿ

ಬಿಚ್ಚುವ ಮೊದಲು ಒಂದು ಎಚ್ಚರಿಕೆ. ತಮ್ಮ ಬಾಗಿಲಿನ ಮಷಿನ್ ಕೇಬಲ್ಲಿನದಾಗಿರದೆ ಕತ್ತರಿಯಂತೆ ಮಡಚುವ ತೋಳಿನದಾಗಿದ್ದರೆ, ಅದರಲ್ಲಿ ಗ್ಲಾಸಿನ ಭಾರವನ್ನು ಸರಿದೂಗಿಸಲು ಬಿಗಿಯಾದ ಸುರುಳಿ ಸ್ಪ್ರಿಂಗ್ ಇರುತ್ತದೆ. ಗ್ಲಾಸಿನಿಂದ ಬೇರ್ಪಟ್ಟ ತೋಳನ್ನು ಕಟ್ಟಿಹಾಕದೆ ಮೋಟಾರನ್ನು ಕಳಚಿದರೆ ಆ ತೋಳು ಒಮ್ಮೆಲೇ ಸಿಡಿಯುತ್ತದೆ. ನಮ್ಮ ಗ್ಯಾರೇಜಿನ ಹುಡುಗನೊಬ್ಬನಿಗೆ ಬೆರಳಿಗೆ ಏಳು ಹೊಲಿಗೆ ಬಿದ್ದಿದ್ದವು. ಗ್ಲಾಸನ್ನು ಪೂರ್ತಿ ಮೇಲೆತ್ತಿ ಅಗಲವಾದ ಟೇಪಿನಿಂದ ಬಾಗಿಲಿನ ಚೌಕಟ್ಟಿಗೆ ಬಿಗಿಯಾಗಿ ಅಂಟಿಸಿ, ಬ್ಯಾಟರಿಯ ನೆಗೆಟಿವ್ ತೆಗೆದ ನಂತರವೇ ಒಳಗೆ ಕೈ ಹಾಕಿ. ಬಾಗಿಲಿನ ಒಳತಗಡಿನ ಅಂಚು ಬ್ಲೇಡಿನಂತಿರುತ್ತದೆ, ಕೈಗವಸು ಇರಲಿ.

ಚಾನೆಲ್ ರಬ್ಬರಿಗೆ ಎಂಜಿನ್ ಆಯಿಲ್, ಗ್ರೀಸ್, ತೆಂಗಿನೆಣ್ಣೆ ಯಾವುದೂ ಬೇಡ. ಒಂದು ವಾರ ಜಾರುತ್ತದೆ, ಆಮೇಲೆ ಧೂಳನ್ನೆಲ್ಲ ಹಿಡಿದು ಅರೆಯುವ ಕಲ್ಲಾಗುತ್ತದೆ. ಸೋಪುನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯನ್ನು ತೆಳುವಾದ ಪಟ್ಟಿಗೆ ಸುತ್ತಿ ಚಾನೆಲ್ಲಿನ ಉದ್ದಕ್ಕೂ ಒರೆಸಿ, ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹಾಕಿ.

ಮಳೆಹಾದಿ, ಸಾಗರ

ಮೂವರಿಗೂ ಕೃತಜ್ಞತೆಗಳು. ಭಾನುವಾರ ಬಾಗಿಲು ಬಿಚ್ಚಿದೆ, ಫಲಿತಾಂಶವನ್ನು ತಿಳಿಸುತ್ತಿದ್ದೇನೆ.

ಎಂಜಿನ್ ಚಾಲೂ ಇದ್ದಾಗ ಬ್ಯಾಟರಿಯಲ್ಲಿ 13.8 ವೋಲ್ಟ್ ಇತ್ತು. ಗ್ಲಾಸು ಮುಲುಗುತ್ತ ಏರುವಾಗ ಮೋಟಾರಿನ ಎರಡು ವೈರುಗಳ ನಡುವೆ ಸಿಕ್ಕಿದ್ದು 11.6. ಪಾಸಿಟಿವ್ ಕಡೆ ಕಳೆದದ್ದು 0.5, ನೆಗೆಟಿವ್ ಕಡೆ 1.7. ರಬ್ಬರ್ ಕೊಳವೆಯೊಳಗಿನ ವೈರುಗಳು ನೆಟ್ಟಗಿದ್ದವು. ಮಾಸ್ಟರ್ ಸ್ವಿಚ್ಚನ್ನು ಟೇಬಲ್ಲಿನ ಮೇಲೆ ಬಿಳಿ ಪಂಚೆ ಹಾಸಿಕೊಂಡು ಬಿಚ್ಚಿದೆ (ಸ್ಪ್ರಿಂಗ್ ಹಾರಿದರೆ ಕಾಣಲಿ ಎಂದು). ಎಡಬಾಗಿಲಿಗೆ ಸಂಬಂಧಿಸಿದ ಬಿಂದುವಿನ ಮೇಲೆ ಕಾಳುಮೆಣಸಿನ ಸಿಪ್ಪೆಯಂತಹ ಕಪ್ಪು ಪೊರೆ ಕೂತಿತ್ತು. ನುಣುಪಾದ ಮರಳುಕಾಗದದಿಂದ ಅದನ್ನು ಉಜ್ಜಿ, ಒರೆಸಿ, ಮತ್ತೆ ಜೋಡಿಸಿ ಅಳೆದಾಗ 1.7 ಇದ್ದದ್ದು 0.4ಕ್ಕೆ ಇಳಿಯಿತು.

ಆದರೂ ಮುಕ್ಕಾಲಿನ ಹತ್ತಿರ ಗ್ಲಾಸು ಎಡವುತ್ತಲೇ ಇತ್ತು. ಗ್ಲಾಸನ್ನು ಟೇಪಿನಿಂದ ಅಂಟಿಸಿ ಮಷಿನ್ನಿನಿಂದ ಬೇರ್ಪಡಿಸಿ, ಬಳಿಕ ಟೇಪನ್ನು ತೆಗೆದು ಕೈಯಿಂದಲೇ ಎತ್ತಿದಾಗ ಅದೇ ಜಾಗದಲ್ಲಿ ಅದು ಅಂಟಿದಂತೆ ನಿಂತಿತು. ನೋಡಿದರೆ ಗ್ಲಾಸಿನ ಹಿಂದಿನ ಅಂಚಿನ ಉದ್ದಕ್ಕೂ ಹಳೆಯ ಕಪ್ಪು ಫಿಲ್ಮಿನ ಗೋಂದು! ಸುಪ್ರೀಂ ಕೋರ್ಟು 2012ರಲ್ಲಿ ಫಿಲ್ಮ್ ನಿಷೇಧಿಸಿದಾಗ ಹಿಂದಿನ ಮಾಲೀಕರು ಅವಸರದಲ್ಲಿ ಕಿತ್ತುಹಾಕಿದ್ದಿರಬೇಕು. ಕಾಣುವ ಭಾಗವಷ್ಟೇ ಸ್ವಚ್ಛವಾಗಿ, ಚಾನೆಲ್ಲಿನೊಳಗೆ ಮರೆಯಾಗುವ ಬೆರಳಗಲದ ಪಟ್ಟಿ ಹಾಗೆಯೇ ಉಳಿದು, ಇಷ್ಟು ವರ್ಷಗಳ ಧೂಳನ್ನು ಹಿಡಿದುಕೊಂಡಿತ್ತು. ಅದನ್ನು ಬ್ಲೇಡಿನಿಂದ ಹೆರೆದು, ಚಾನೆಲ್ಲನ್ನು ತೊಳೆದು ಸಿಲಿಕೋನ್ ಹಾಕಿದ ಮೇಲೆ ಗ್ಲಾಸು ನಿಲ್ಲದೆ ಏರುತ್ತಿದೆ. ಬಲಗಡೆಯದು ನಾಲ್ಕು ಸೆಕೆಂಡು ತೆಗೆದುಕೊಂಡರೆ ಇದು ಐದು. ಬಾಗಿಲಿಗೆ ಗುದ್ದಿಯೂ ನೋಡಿದೆ, ವ್ಯತ್ಯಾಸವೇನೂ ಕಾಣಲಿಲ್ಲ. ಮೋಟಾರು ಹಳೆಯದೇ ಇದೆ. ಸದ್ಯಕ್ಕೆ ಹೊಸದನ್ನು ಕೊಳ್ಳುವುದಿಲ್ಲ.

ಒಂದು ಸಂದೇಹ ಉಳಿದಿದೆ. ಡೋರ್ ಪ್ಯಾಡ್ ಹಿಂದೆ ಕಪ್ಪು ಗೋಂದಿನಿಂದ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ ಬಿಚ್ಚುವಾಗ ಕೆಳಭಾಗದಲ್ಲಿ ಹರಿಯಿತು. ಅದಿಲ್ಲದೆಯೇ ಪ್ಯಾಡ್ ಕೂರಿಸಬಹುದೇ?

ಹನ್ನೆರಡು ವೋಲ್ಟ್, ಮಂಗಳೂರು

ಖಂಡಿತ ಬೇಡ. ಗ್ಲಾಸಿನ ಹೊರಮೈಯಿಂದ ಇಳಿಯುವ ಮಳೆನೀರು ಬಾಗಿಲಿನೊಳಗೆ ಬರುವುದು ಸಹಜ; ಅದು ತಳದ ರಂಧ್ರಗಳಿಂದ ಹೊರಹೋಗುವಂತೆ, ಕಾರಿನೊಳಗೆ ನುಗ್ಗದಂತೆ ತಡೆಯುವುದೇ ಆ ಹಾಳೆ. ಸಾಗರದ ಮಳೆಗೆ ಅದಿಲ್ಲದಿದ್ದರೆ ಒಂದು ವಾರದಲ್ಲಿ ಕಾಲಡಿಯ ಮ್ಯಾಟು ನೆನೆದು ನಾರುತ್ತದೆ. ದಪ್ಪನೆಯ ಪಾಲಿಥೀನ್ ಹಾಳೆಯನ್ನು ಹಳೆಯದರ ಅಳತೆಗೆ ಕತ್ತರಿಸಿ, ಬ್ಯುಟೈಲ್ ಟೇಪಿನಿಂದ (ರಬ್ಬರಿನಂತಹ ಅಂಟುಪಟ್ಟಿ) ಸುತ್ತಲೂ ಅಂಟಿಸಿ. ಹಾಳೆಯ ಕೆಳಗಿನ ಅಂಚನ್ನು ಮೊದಲು ಹೇಗಿತ್ತೋ ಹಾಗೆಯೇ ಬಾಗಿಲಿನ ಸೀಳಿನೊಳಗೆ ತೂರಿಸಬೇಕು; ಹೊರಗೆ ಬಿಟ್ಟರೆ ನೀರು ಹಾಳೆಯ ಮೇಲೆಯೇ ಹರಿದು ಒಳಗೆ ಬರುತ್ತದೆ. ತಳದ ರಂಧ್ರಗಳಲ್ಲಿ ಮಣ್ಣು ಕಟ್ಟಿದ್ದರೆ, ಪ್ಯಾಡ್ ಕೂರಿಸುವ ಮುನ್ನ ಹಿಡಿಕಡ್ಡಿಯಿಂದ ಚುಚ್ಚಿ ಬಿಡಿಸಿ.