ಫಿಲ್ಟರ್ ತೊಳೆಯದಿದ್ದರೆ ಎಸಿಯ ತಂಪು ಕಡಿಮೆಯಾಗುತ್ತದೆಯೇ?

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ): ನಮ್ಮ ಮನೆಯ ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿಯನ್ನು 24 ಡಿಗ್ರಿಗೆ ಇಟ್ಟರೂ ಕೋಣೆ ತಂಪಾಗಲು ಬಹಳ ಹೊತ್ತು ಹಿಡಿಯುತ್ತಿದ್ದು, ಒಳಗಿನ ಯೂನಿಟ್‌ನಿಂದ ನೀರೂ ತೊಟ್ಟಿಕ್ಕುತ್ತಿದೆ. ಗ್ಯಾಸ್ ತುಂಬಿಸಬೇಕೆಂದು ಮೆಕ್ಯಾನಿಕ್ ಹೇಳುತ್ತಾರೆ. ಮೊದಲು ಏನನ್ನು ಪರೀಕ್ಷಿಸಬೇಕು?

ಉತ್ತರ (ಧಾರವಾಡ): ಮೊದಲು ಫಿಲ್ಟರ್ ನೋಡಿರಿ. ಅದರ ಜಾಲರಿಯಲ್ಲಿ ಧೂಳು ಕಟ್ಟಿಕೊಂಡರೆ ಕಾಯಿಲ್ (ಒಳಗಿನ ಯೂನಿಟ್‌ನಲ್ಲಿ ಗಾಳಿಯನ್ನು ತಂಪು ಮಾಡುವ ಕೊಳವೆಗಳ ಸುರುಳಿ) ಮೇಲೆ ಹಾಯುವ ಗಾಳಿ ಕಡಿಮೆಯಾಗಿ, ಕಾಯಿಲಿನ ಉಷ್ಣತೆ ಶೂನ್ಯ ಡಿಗ್ರಿಗಿಂತ ಕೆಳಗಿಳಿದು ಅದರ ಮೇಲೆ ಮಂಜುಗಡ್ಡೆ ಕಟ್ಟಬಹುದು; ಅದು ಕರಗಿದಾಗ ನೀರು ಹೊರಗೆ ಸುರಿಯುತ್ತದೆ. ಕಂಪ್ರೆಸರ್ ಹೆಚ್ಚು ಹೊತ್ತು ಓಡುವುದರಿಂದ ಕರೆಂಟ್ ಬಿಲ್ಲೂ ಏರುತ್ತದೆ. ಗ್ಯಾಸ್ ಮುಚ್ಚಿದ ಕೊಳವೆಗಳಲ್ಲಿಯೇ ಸುತ್ತುವಂಥದ್ದು, ಸೋರಿಕೆಯಿಲ್ಲದೆ ಖಾಲಿಯಾಗದು. ಆದ್ದರಿಂದ ಸೋರಿಕೆ ಎಲ್ಲಿದೆಯೆಂದು ತೋರಿಸದೆ ಗ್ಯಾಸ್ ತುಂಬಲು ದಯವಿಟ್ಟು ಒಪ್ಪಬೇಡಿರಿ.

ಉತ್ತರ (ಗೋಕುಲ ರಸ್ತೆ, ಹುಬ್ಬಳ್ಳಿ): ಸ್ವಿಚ್ ಆರಿಸಿ, ಫಿಲ್ಟರನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ ಹಾಕಿರಿ, ಬಿಸಿಲಿಗಿಟ್ಟರೆ ಪ್ಲಾಸ್ಟಿಕ್ ಸೊಟ್ಟಗಾಗಬಹುದು. ನಮ್ಮ ಊರಿನ ಬೇಸಿಗೆಯ ಧೂಳಿಗೆ ಎರಡು ವಾರಕ್ಕೊಮ್ಮೆ ತೊಳೆಯುವುದು ಅತಿಯೇನಲ್ಲ.

ಉತ್ತರ (ಗದಗ): ತೊಳೆದ ಮೇಲೂ ನೀರು ನಿಲ್ಲದಿದ್ದರೆ ಡ್ರೇನ್ ಪೈಪ್ ಕಟ್ಟಿಕೊಂಡಿದೆಯೇ ಎಂದು ನೋಡಿಸಿರಿ.